ಮೊಸಳೆ ಬಾಯಿ ಬೇಡ, ಮೊದಲು ಹುಣಸೆ ಬೀಜ ಕೊಡಿ

ಯುಕೆಜಿ ಮಕ್ಕಳ ಹೋಂವರ್ಕಿನಲ್ಲಿ ಆ ಮೊಸಳೆ ಬಾಯಿ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದೇ, ಹೆಚ್ಚು ಕಡಿಮೆ ತೋರಿಸುವ ಚಿಹ್ನೆಯನ್ನು ದೊಡ್ಡ ಸಂಖ್ಯೆಯ ಕಡೆ ಬಾಯಿ ತೆರೆದ ಮೊಸಳೆ ಅಂತ ಹೇಳಿಕೊಡುತ್ತಾರಲ್ಲ, ಅದು. ಇವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಉದ್ದದ ಬರಹ.

ಪಕ್ಕದ ಮನೆಯ ಹುಡುಗಿಗೆ ಐದೂವರೆ ವರ್ಷ. ಸಂಜೆ ಅವಳ ಅಮ್ಮ ವರ್ಕ್‌ಶೀಟ್ ಹಿಡಿದು ಬಂದರು. "ನೋಡಿ ಅಕ್ಕಾ, ಒಂದೂ ತಪ್ಪಿಲ್ಲ" ಅಂತ ಅವರಿಗೆ ಖುಷಿ. ನಿಜ, ಒಂದೂ ತಪ್ಪಿರಲಿಲ್ಲ. ಪುಟದ ತುಂಬ ಎರಡೆರಡು ಅಂಕಿ, ನಡುವೆ ಚಿಹ್ನೆ. ಪ್ರತಿ ಚಿಹ್ನೆಗೂ ಮಗು ಪುಟ್ಟ ಪುಟ್ಟ ಹಲ್ಲು ಬರೆದಿತ್ತು. ಒಂದಕ್ಕಂತೂ ಕಣ್ಣೂ ಇತ್ತು. 7 > 4 ತೋರಿಸಿ "ಇದನ್ನ ಓದು ಪುಟ್ಟಾ" ಅಂದೆ. "ಏಳು, ಮೊಸಳೆ, ನಾಲ್ಕು" ಅಂದಳು. ಏಳು ಯಾಕೆ ದೊಡ್ಡದು? "ಮೊಸಳೆ ಅದನ್ನೇ ತಿನ್ನೋದು." ಮೊಸಳೆ ಅದನ್ನೇ ಯಾಕೆ ತಿನ್ನುತ್ತೆ? "ಅದು ದೊಡ್ಡದಲ್ವಾ ಟೀಚರಜ್ಜಿ!"

ಅಡುಗೆಮನೆಯಿಂದ ಹುಣಸೆ ಬೀಜ ತಂದೆ. ಆರು ಬೀಜ ದೂರ ದೂರ ಇಟ್ಟು ಒಂದು ಸಾಲು. ಅದರ ಕೆಳಗೆ ಎಂಟು ಬೀಜ ಒತ್ತೊತ್ತಾಗಿ ಇನ್ನೊಂದು ಸಾಲು. ಯಾವುದರಲ್ಲಿ ಜಾಸ್ತಿ ಇದೆ? ಉದ್ದದ ಸಾಲಿಗೆ ಬೆರಳಿಟ್ಟಳು. ಎಣಿಸು ಅಂದೆ. ಆರು, ಎಂಟು ಅಂತ ಸರಿಯಾಗಿಯೇ ಎಣಿಸಿದಳು. ಈಗ ಹೇಳು, ಜಾಸ್ತಿ ಯಾವುದು? ಮತ್ತೆ ಉದ್ದದ ಸಾಲೇ.

ಅವಳದ್ದೇನೂ ತಪ್ಪಿಲ್ಲ. ಈ ವಯಸ್ಸಿನಲ್ಲಿ ಕಣ್ಣು ಉದ್ದ ನೋಡಿ ತೀರ್ಮಾನ ಮಾಡುತ್ತದೆ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಡಿ.ಎಡ್., ಬಿ.ಎಡ್. ಮಾಡಿದ ನಾವೆಲ್ಲ ಅದನ್ನು ಓದಿ, ಪರೀಕ್ಷೆ ಬರೆದು, ಮಾರ್ಕ್ಸ್ ತೆಗೆದುಕೊಂಡವರೇ. ಆಮೇಲೆ ತರಗತಿಗೆ ಹೋಗಿ ಐದು ವರ್ಷದ ಮಗುವಿನ ಕೈಗೆ ಚಿಹ್ನೆ ಕೊಡುತ್ತೇವೆ. ಇದು ನ್ಯಾಯವಾ?

"ಒಂದಕ್ಕೊಂದು ಜೋಡಿ ಮಾಡು" ಅಂದೆ. ಮೇಲಿನ ಸಾಲಿನ ಒಂದು ಬೀಜಕ್ಕೆ ಕೆಳಗಿನ ಸಾಲಿನ ಒಂದು ಬೀಜ ತಾಗಿಸುತ್ತಾ ಹೋದಳು. ಕೊನೆಗೆ ಎರಡು ಉಳಿದವು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಇವೆರಡಕ್ಕೆ ಜೊತೆ ಯಾರೂ ಇಲ್ಲ" ಅಂದಳು. ಅಷ್ಟೇ ಕಣ್ರೀ! ಜಾಸ್ತಿ ಅಂದರೇನು ಅಂತ ಆ ಮಗು ಕೈಯಾರೆ ಕಂಡುಕೊಂಡಿತು. ಎಷ್ಟು ಜಾಸ್ತಿ ಅನ್ನೋದೂ ಅದರ ಜೊತೆಗೇ ಬಂತು. ಮುಂದೆ ಕಳೆಯುವ ಲೆಕ್ಕ ಹುಟ್ಟುವುದೂ ಅಲ್ಲಿಂದಲೇ. ನನಗೆ ಆ ಮಗುವನ್ನು ಎತ್ತಿಕೊಂಡು ಮುದ್ದಾಡುವಷ್ಟು ಸಂತೋಷವಾಯಿತು.

ಒಂದು ಹಿಡಿ ಬೀಜದಲ್ಲಿ ಆಗುವ ಈ ಕೆಲಸವನ್ನು ಬಿಟ್ಟು ಪುಟಗಟ್ಟಲೆ ಮೊಸಳೆ ಬರೆಸುತ್ತಾರಲ್ಲ, ಅದೇ ನನ್ನ ತಕರಾರು.

"ಚಿಕ್ಕ ಮಕ್ಕಳು ಮೇಡಂ, ಕಥೆ ಥರ ಹೇಳಿದರೆ ನೆನಪಿರುತ್ತೆ" ಅನ್ನುತ್ತಾರೆ. ನೆನಪಿರುತ್ತೆ, ಒಪ್ಪಿದೆ. ಏನು ನೆನಪಿರುತ್ತೆ? ಬಾಯಿ ಯಾವ ಕಡೆ ತೆರೆಯಬೇಕು ಅನ್ನೋದು. ಎರಡೂ ಕಡೆ ಐದೈದು ಇದ್ದರೆ ಮೊಸಳೆ ಏನು ಮಾಡಬೇಕು? ಎಷ್ಟೋ ಮಕ್ಕಳು ಅಲ್ಲಿಯೇ ತಡವರಿಸುತ್ತಾರೆ. ಮುಂದೆ 29 ಮತ್ತು 31 ಬಂದಾಗ 9 ಕಣ್ಣಿಗೆ ಬಿದ್ದು ಬಾಯಿ 29ರ ಕಡೆ ತಿರುಗುತ್ತದೆ. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತತ್ತರ ಕಟ್ಟು ಕಟ್ಟಿ ಆಡಿದ ಮಗುವಿಗೆ ಅದು ಕಷ್ಟವೇ ಅಲ್ಲ. ಎರಡು ಕಟ್ಟು, ಮೂರು ಕಟ್ಟು, ಎದುರಿಗೇ ಇದೆ. ಇನ್ನೂ ಮೇಲಿನ ತರಗತಿಗೆ ಹೋದರೆ ಐದನೇ ಒಂದಕ್ಕಿಂತ ಎಂಟನೇ ಒಂದು ದೊಡ್ಡದು ಅನ್ನುವ ಮಕ್ಕಳು ಸಿಗುತ್ತಾರೆ, ಎಂಟು ದೊಡ್ಡದಲ್ವಾ ಅಂತ. 0.5ಕ್ಕಿಂತ 0.45 ದೊಡ್ಡದು ಅನ್ನುವವರೂ ಇದ್ದಾರೆ. ಅಂಕಿ ಮಾತ್ರ ನೋಡಿ, ಅದರ ಹಿಂದಿನ ಅಳತೆ ನೋಡದೇ ಬೆಳೆದರೆ ಹೀಗೇ ಆಗುವುದು.

ಇಷ್ಟಕ್ಕೂ ಆ ಚಿಹ್ನೆಗೆ ಏನು ಅವಸರ? ಅದು ಅಚ್ಚಾಗಿದ್ದೇ 1631ರಲ್ಲಿ, ಥಾಮಸ್ ಹ್ಯಾರಿಯಟ್ ಅನ್ನೋ ಇಂಗ್ಲಿಷ್ ಗಣಿತಜ್ಞ ತೀರಿಕೊಂಡ ಮೇಲೆ ಬಂದ ಅವನ ಪುಸ್ತಕದಲ್ಲಿ. ಅದಕ್ಕೂ ಮುಂಚೆ ಸಾವಿರಾರು ವರ್ಷ ಜನ ಹೆಚ್ಚು ಕಡಿಮೆ ತಿಳಿದೇ ಸಂತೆ ಮಾಡಿದ್ದಾರೆ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್ ಕೂಡ ಬಾಲವಾಟಿಕೆಯ, ಅಂದರೆ ಒಂದನೇ ತರಗತಿಗೆ ಮುಂಚಿನ ವರ್ಷದ, ಮಕ್ಕಳಿಂದ ಕೇಳುವುದು ಹತ್ತರವರೆಗಿನ ಅಂಕಿ ಗುರುತಿಸಿ ಓದುವುದನ್ನು, ವಸ್ತು-ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವುದನ್ನು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯ ತರಗತಿಗಳಲ್ಲಿ ಚಾಪೆ ಮೇಲೆ ಕೂತು ಪಾಠ ಮಾಡಿದವಳು ನಾನು, ನಿಮಗೆಲ್ಲ ಗೊತ್ತು. ಕಲ್ಲು, ಕಡ್ಡಿ, ಬೀಜ ಇಲ್ಲದೆ ಅಲ್ಲಿ ಲೆಕ್ಕವೇ ಶುರುವಾಗುತ್ತಿರಲಿಲ್ಲ. ದುಬಾರಿ ಫೀಸು ಕಟ್ಟಿಸಿಕೊಳ್ಳುವ ಕಡೆ ಒಂದು ಡಬ್ಬಿ ಬೀಜಕ್ಕೆ ಜಾಗ ಇಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಆಟವೇ ಬೇಕು ಅನ್ನುವವರಿಗೆ ನಿಜವಾದ ಆಟಗಳಿವೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿ ಬರೆದ ಮನೆಗಳ ಮೇಲೆ ಕಾಯಿ ನಡೆಸುವ ಆಟವನ್ನು ಬಡ ಮನೆಯ ಪುಟ್ಟ ಮಕ್ಕಳಿಗೆ ಎರಡು ವಾರದಲ್ಲಿ ಕೆಲವೇ ಸಲ ಆಡಿಸಿದರು. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಅಂತ ಹೇಳುವುದರಲ್ಲಿ ಆ ಮಕ್ಕಳು ಎಷ್ಟೋ ಮುಂದೆ ಬಂದರು. ಅಂಕಿಯ ಬದಲು ಬರೀ ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಆಗಲಿಲ್ಲ. ನಮ್ಮಲ್ಲಿ ಹಾವು ಏಣಿ ಪಟ ಯಾರ ಮನೆಯಲ್ಲಿಲ್ಲ? ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಲ್ಲಿ ಬೀಜ ಹಂಚುತ್ತಾ, ಗೆದ್ದ ರಾಶಿ ಯಾರದ್ದು ಜಾಸ್ತಿ ಅಂತ ಜಗಳಾಡುತ್ತಾ ಬೆಳೆದವರು ಇಲ್ಲೇ ಎಷ್ಟು ಜನ ಇದ್ದೀರಿ!

ಪೋಷಕರ ಸಭೆಗೆ ಹೋಗುವವರು ದಯವಿಟ್ಟು ಒಂದು ಮಾತು ಕೇಳಿ: ಈ ಚಿಹ್ನೆ ಕೊಡುವ ಮುಂಚೆ ಮಗುವಿನ ಕೈಗೆ ಏನು ಕೊಟ್ಟಿರಿ? ಮನೆಯಲ್ಲಿ ಎಲೆ ಹಾಕುವಾಗ ಎಲೆಗೊಂದು ಲೋಟ ಇಡಲು ಮಗುವಿಗೇ ಹೇಳಿ. ಲೋಟ ಉಳಿಯಿತಾ, ಎಲೆ ಉಳಿಯಿತಾ, ಎಷ್ಟು ಉಳಿಯಿತು ಅಂತ ಕೇಳಿ. ಬೀಜ ಬೇಕಾದವರು ನಮ್ಮನೆಗೆ ಬನ್ನಿ, ಈ ವರ್ಷದ ಹುಣಸೆ ಬಿಡಿಸಿದ್ದು ಒಂದು ಚೀಲ ಇದೆ.