ನೆಲ ಡೊಂಕು, ಗೋಲು ಗಿಡ್ಡ

ಚೆಂಡು ಗೋಲುಗೆರೆಯನ್ನು ಪೂರ್ತಿ ದಾಟಿತೋ ಇಲ್ಲವೋ ಎಂದು ಕಾಯಲು ದೊಡ್ಡ ಫುಟ್‌ಬಾಲ್ ಪಂದ್ಯಗಳಲ್ಲಿ ಈಗ ಕ್ಯಾಮೆರಾಗಳ ಸಾಲೇ ಇದೆ. ದಾಟಿದ ಮರುಕ್ಷಣ ರೆಫ್ರಿಯ ಕೈಗಡಿಯಾರ ಅದುರುತ್ತದೆ. ಆಟಗಾರನ ಕಂಕುಳು ಆಫ್‌ಸೈಡ್ ಆಗಿತ್ತೇ, ಅಂದರೆ ನಿಯಮ ಮೀರಿ ಎದುರಾಳಿಗಳಿಗಿಂತ ಮುಂದಿತ್ತೇ ಎಂದು ಪರದೆಯ ಮೇಲೆ ಗೆರೆ ಎಳೆಯಲು ಬೇರೊಂದು ಕೋಣೆಯಲ್ಲಿ ನಾಲ್ಕಾರು ಜನ. ಸರಿ, ಆ ಗೋಲಿನ ಚೌಕಟ್ಟೇ ಅಳತೆಗೆ ತಕ್ಕಂತಿದೆಯೇ ಎಂದು ಪತ್ತೆಯಾಗುವುದು ಹೇಗೆ? ಗೋಲ್‌ಕೀಪರ್ ಕೈ ಎತ್ತಿ ನೋಡಬೇಕು!

2020ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ತಂಡ ಯೂರೋಪಾ ಲೀಗ್‌ನ ಅರ್ಹತಾ ಪಂದ್ಯಕ್ಕೆಂದು ಉತ್ತರ ಮ್ಯಾಸಿಡೋನಿಯಾಕ್ಕೆ ಹೋಗಿದ್ದಾಗ ಆದದ್ದು ಇದೇ. ಗೋಲು ಯಾಕೋ ಗಿಡ್ಡ ಅನ್ನಿಸುತ್ತಿದೆ ಎಂದರು ಕೀಪರ್‌ಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುವ ಹಾಗಿರಲಿಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು. ಅಳೆದು ನೋಡಿದರೆ 5 ಸೆಂಟಿಮೀಟರ್ ಕಡಿಮೆ. ಮೊದಲು ನಾನೇ ಬೆಳೆದುಬಿಟ್ಟೆ ಎಂದುಕೊಂಡೆ ಎಂದು ಕೋಚ್ ಜೋಸೆ ಮೌರಿನ್ಯೊ ತಮಾಷೆ ಮಾಡಿದರು. ಐವತ್ತೇಳು ವರ್ಷದವರು, ಪಾಪ, ಒಂದು ಗಳಿಗೆ ಖುಷಿಪಟ್ಟಿರಬೇಕು.

ಗೋಲಿನ ಅಳತೆ ನಿಯಮ ಪುಸ್ತಕದ ಮೂಲೆಯಲ್ಲಿ ಅಡಗಿದ ಉಪನಿಯಮವೇನಲ್ಲ, ಮೊಟ್ಟಮೊದಲ ನಿಯಮ. ಕಂಬದಿಂದ ಕಂಬಕ್ಕೆ 7.32 ಮೀಟರ್, ಅಡ್ಡಪಟ್ಟಿಯ ಕೆಳಅಂಚಿನಿಂದ ನೆಲಕ್ಕೆ 2.44. (ಎಂಟು ಗಜ, ಎಂಟು ಅಡಿ ಎಂದರೆ ಮಗುವಿಗೂ ನೆನಪಿರುತ್ತದೆ.) ಮೈದಾನದ ಉದ್ದಕ್ಕಾದರೆ 90ರಿಂದ 120 ಮೀಟರ್‌ವರೆಗೆ ಧಾರಾಳ ವಿನಾಯಿತಿ, ಗೋಲಿಗೆ ಆ ಭಾಗ್ಯವಿಲ್ಲ. ಆಟಗಾರ ಉಂಗುರದ ಮೇಲೆ ಟೇಪು ಸುತ್ತಿ ಬಂದರೂ ಬಹುಕಾಲ ಬಿಡುತ್ತಿರಲಿಲ್ಲ, ಉಂಗುರ ಬಿಚ್ಚಲೇಬೇಕಿತ್ತು. ಅಂಟಿಸುವ ಟೇಪಿನ ಮೇಲೆ ಇಷ್ಟು ಕಣ್ಣು. ಅಳೆಯುವ ಟೇಪು ಮಾತ್ರ ಯಾರೋ ದೂರು ಕೊಟ್ಟ ಮೇಲೆ ಜೇಬಿನಿಂದ ಹೊರಬರುತ್ತದೆ.

ಮ್ಯಾಸಿಡೋನಿಯಾದಲ್ಲಿ ಕೀಪರ್‌ಗಳು ದೂರು ಕೊಟ್ಟರು. ಆದರೆ ಗೋಲು ಕಿರಿದಾದಷ್ಟೂ ಕೀಪರ್‌ಗೆ ಲಾಭವಲ್ಲವೇ? ಡೆನ್ಮಾರ್ಕಿನ ಕಿಮ್ ಕ್ರಿಸ್ಟೆನ್ಸೆನ್‌ಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. 2009ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡದ ಈ ಕೀಪರ್ ಕಂಬದ ಬುಡಕ್ಕೆ ಕಾಲಿನಿಂದ ಒದ್ದು ಒದ್ದು ಒಳಕ್ಕೆ ಸರಿಸಿದ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆವು. ಇಲ್ಲಿ ಕಾವಲುಗಾರ ಬೇಲಿಯನ್ನೇ ಎತ್ತಿ ಹೊಲ ಚಿಕ್ಕದು ಮಾಡಿದ್ದ. ರೆಫ್ರಿಗೆ ಅನುಮಾನ ಬರುವಷ್ಟರಲ್ಲಿ ಆಟ ಸುಮಾರು ಇಪ್ಪತ್ತು ನಿಮಿಷ ಸಾಗಿತ್ತು. ಇನ್ನೊಬ್ಬ ಕೀಪರ್ ಹೇಳಿಕೊಟ್ಟ ಉಪಾಯ, ಹಿಂದೆಯೂ ಆಗಾಗ ಮಾಡಿದ್ದೆ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಹಿಂದಿನ ಆ ಪಂದ್ಯಗಳಲ್ಲಿ ಕಂಬಕ್ಕೆ ಬಡಿದು ವಾಪಸಾದ ಚೆಂಡುಗಳನ್ನು ಈಗ ಯಾವ ಕ್ಯಾಮೆರಾಕ್ಕೆ ತೋರಿಸೋಣ?

ಗೋಲು ಇಡೀ ಕ್ರೀಡಾಂಗಣದ ಗಮನ ಸೆಳೆದ ದಿನವೂ ಒಂದಿದೆ. 1998ರ ಏಪ್ರಿಲ್ 1 (ತಾರೀಖು ನಾನು ಕಟ್ಟಿದ್ದಲ್ಲ), ಮ್ಯಾಡ್ರಿಡ್, ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಆಟ ಶುರುವಾಗುವ ಮುನ್ನವೇ ಗೋಲು ದೊಪ್ಪೆಂದು ಬಿತ್ತು. ಬದಲಿ ಗೋಲು ಅಭ್ಯಾಸದ ಮೈದಾನದಿಂದ ಬರಬೇಕಾಯಿತು. ಆ ದಿನ ಪಂದ್ಯ 76 ನಿಮಿಷ ತಡ. ಅಷ್ಟೂ ಹೊತ್ತು ಸಾವಿರಾರು ಜನ ಗೋಲು ಇರಬೇಕಾದ ಜಾಗವನ್ನೇ ನೋಡುತ್ತ ಕೂತಿದ್ದರು.