ಲಾಂಚ್ ಹೋಯ್ತು ಅಂತ ಅಳುವವರಿಗೆ

ಇವತ್ತು ಮತ್ತೊಂದು ರೀಲ್ ಕಣ್ಣಿಗೆ ಬಿತ್ತು. ಸಂಜೆ ಬಿಸಿಲು, ಶರಾವತಿ ಹಿನ್ನೀರು, ಜನ, ವಾಹನ ದಾಟಿಸುತ್ತಿದ್ದ ಹಳೇ ಲಾಂಚಿನ ವಿಡಿಯೋ, ಹಿಂದೆ ಕೊಳಲು. ‘ಸೇತುವೆ ಬಂದು ಎಲ್ಲ ಹಾಳಾಯ್ತು, ಮಿಸ್ ಯೂ ಸಿಗಂದೂರು ಲಾಂಚ್’ ಅಂತೆ. ಬರೆದವರು ಬೆಂಗಳೂರಿನವರು. ವರ್ಷಕ್ಕೊಮ್ಮೆ ಚೌಡೇಶ್ವರಿಗೆ ಕೈಮುಗಿದು ಹೋಗುವವರು.

ಸ್ವಾಮಿ, ನಿಮಗೆ ಅದು ಸ್ವಲ್ಪ ಹೊತ್ತಿನ ಮಜಾ. ನಮಗೆ ಅದು ದಾರಿ. ತಪ್ಪಿದರೆ ಕಾರ್ಗಲ್, ಕೋಗಾರು ಸುತ್ತಬೇಕಿತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಕರೆಂಟು, ಹಿನ್ನೀರಿನಾಚೆಯ ನಮ್ಮ ತುಮರಿ ಸೀಮೆಗೆ ಮುಳುಗಡೆ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ಎರಡೂವರೆ ಕಿಲೋಮೀಟರೂ ಇಲ್ಲದ ನೀರು ದಾಟೋಕೆ 60 ವರ್ಷ ಕಾದವರು ನಾವು, ಹಾಳಾಗಿದ್ದು ನಿಮ್ಮ ರೀಲ್!

ರಜೆ ದಿನ ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ನಿಮ್ಮ ಕಾರುಗಳ ಸಾಲು ನೋಡಬೇಕಿತ್ತು. ಅದರ ಮಧ್ಯೆ ಸಾಗರದಿಂದ ಅಕ್ಕಿಚೀಲ, ದನದ ಹಿಂಡಿ ಹೊತ್ತು ಬಂದ ನಮ್ಮಮ್ಮ ಛತ್ರಿಯಡಿ ನಿಂತಿರುತ್ತಿದ್ದರು, ಸೀರೆ ಅಂಚೆಲ್ಲ ಕೆಸರು. ಸಂಜೆ ಕೊನೇ ಲಾಂಚ್ ಹೋಯ್ತೋ, ಮುಗೀತು. ಸಾಗರಕ್ಕೆ ವಾಪಸ್, ನೆಂಟರ ಮನೆ ಜಗಲಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೂ ಬಂದ್.

ಲಾಂಚಿನಲ್ಲಿ ಊರವರೆಲ್ಲ ಸೇರುತ್ತಿದ್ದರು, ಮಾತುಕತೆ ಇತ್ತು, ಈಗ ಭರ್ ಅಂತ ದಾಟಿ ಹೋಗುತ್ತಾರೆ ಅಂತ ಊರಿನ ಕೆಲವರೂ ಹೇಳುತ್ತಾರೆ. ಹೌದು, ಅಡಿಕೆ ರೇಟಿನಿಂದ ಹಿಡಿದು ಯಾರ ಮನೆ ಹುಡುಗಿ ನೋಡೋಕೆ ಯಾರು ಬಂದಿದ್ದರು ಅನ್ನುವವರೆಗೂ ಅಲ್ಲೇ ಗೊತ್ತಾಗುತ್ತಿತ್ತು. ಬೇರೆ ಕೆಲಸ ಇರಲಿಲ್ಲ, ಕಾಯಬೇಕಿತ್ತು, ಅದಕ್ಕೇ ಮಾತಾಡುತ್ತಿದ್ದೆವು ಅಲ್ವಾ? ಮಾತು ಬೇಕಂದರೆ ಮನೆಗೆ ಬನ್ನಿ, ಎಲೆ-ಅಡಿಕೆ ಕವಳ ಹಾಕುತ್ತಾ ಕೂರೋಣ.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಅಜ್ಜಿಗೆ ಎದೆನೋವು ಬಂದಿದ್ದು ಆಷಾಢದ ರಾತ್ರಿ. ಲಾಂಚಿನವರಿಗೆ ಫೋನ್ ಮಾಡೋಕೆ ಅಪ್ಪ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಪಾಪ, ಅವರು ಎದ್ದು ಬಂದರು. ಗಾಳಿಗೆ ಲಾಂಚ್ ಬಿಡೋ ಹಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯ ಅಗತ್ಯವೇ ಇರಲಿಲ್ಲ.

ಹಾಗಾಗಿ ಆ ಕೊಳಲು ಕೇಳಿದರೆ ನನಗೆ ಮೈ ಉರಿಯುತ್ತದೆ. ಲಾಂಚ್ ಅಷ್ಟು ಇಷ್ಟ ಇದ್ದರೆ ಒಂದು ಮಳೆಗಾಲ ನಮ್ಮೂರಲ್ಲಿದ್ದು, ಅಲ್ಲಿಂದಲೇ ರೀಲ್ ಹಾಕಿ ನೋಡಿ. ನೆಟ್‌ವರ್ಕ್ ಸಿಕ್ಕರೆ.