ಚೆಂದವಿಲ್ಲದ ಭತ್ತಕ್ಕೆ ದಿಕ್ಕು ಯಾರು?

ಕಳೆದ ತಿಂಗಳು ಬೆಂಗಳೂರಿನಲ್ಲಿ ನಡೆದ ಒಂದು ದೇಸಿ ಅಕ್ಕಿ ಮೇಳಕ್ಕೆ ಹೋಗಿದ್ದೆ. ರಾಜಮುಡಿ, ಗಂಧಸಾಲೆ, ಜೀರಿಗೆ ಸಣ್ಣ, ನವರ, ಬರ್ಮಾ ಬ್ಲ್ಯಾಕ್. ಎಲ್ಲ ಮಳಿಗೆಗಳ ಮುಂದೆಯೂ ಜನ. ನೋಡಿ ಖುಷಿಯಾಯಿತು, ನಿಜಕ್ಕೂ. ಹದಿನೈದು ವರ್ಷದ ಹಿಂದೆ ಪೇಟೆಯಲ್ಲಿ ಈ ಹೆಸರುಗಳನ್ನು ಕೇಳುವವರೇ ಕಡಿಮೆ ಇದ್ದರು. ಎರಡು ಕಿಲೋ ರಾಜಮುಡಿ ಕೊಂಡೆ. ಆಮೇಲೆ ಉಪ್ಪು, ನೆರೆ ತಡೆಯುವ ನಮ್ಮ ಹಳೆಯ ಭತ್ತಗಳ ಹೆಸರು ಹಿಡಿದು ಸಾಲಾಗಿ ಕೇಳುತ್ತಾ ಹೋದೆ: ಕಗ್ಗ ಇದೆಯಾ? ಇಲ್ಲ. ನೆರೆಗುಳಿ? ಕರಿಜಡ್ಡು? ಒಬ್ಬರಿಗೆ ಮಾತ್ರ ಹೆಸರು ಗೊತ್ತಿತ್ತು. "ದಪ್ಪ ಅಕ್ಕಿ ಮೇಡಂ, ತಂದ್ರೆ ಯಾರೂ ತಗೊಳ್ಳಲ್ಲ" ಅಂದರು. ಅವರದೇನೂ ತಪ್ಪಿಲ್ಲ. ಮಳಿಗೆ ಬಾಡಿಗೆ ಕಟ್ಟಿ ಕೂತವರು, ಹೋಗುವ ಮಾಲನ್ನೇ ತರಬೇಕು.

ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ನಾವು ಈಗ ಉಳಿಸುತ್ತಿರುವುದು ಬಣ್ಣ ಇರುವ ಭತ್ತ, ಪರಿಮಳ ಇರುವ ಭತ್ತ, ರಾಜರ ಕತೆ ಇರುವ ಭತ್ತ. ಭತ್ತದ ತಳಿ ಅಭಿವೃದ್ಧಿಯ ಚರಿತ್ರೆ ತೆಗೆದು ನೋಡಿದರೆ, ಕಷ್ಟಕಾಲದಲ್ಲಿ ಕೈ ಹಿಡಿದದ್ದು ಹೆಚ್ಚಾಗಿ ಇನ್ನೊಂದು ಜಾತಿಯ ಭತ್ತ: ದಪ್ಪ, ಒರಟು, ಇಳುವರಿ ಕಡಿಮೆ, ಪೇಟೆಯಲ್ಲಿ ಬೆಲೆ ಇಲ್ಲದ್ದು. ಅದನ್ನು ಯಾವ ಮೇಳವೂ ಉಳಿಸುವುದಿಲ್ಲ. ಹಾಗಾದರೆ ಯಾರು ಉಳಿಸಬೇಕು, ಅದರ ಖರ್ಚು ಯಾರದು? ಈ ಪ್ರಶ್ನೆಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಅಜ್ಜನ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಗಜನಿಗೆ ತಾಗಿ. ಗಜನಿ ಅಂದರೆ ಭರತ (ಸಮುದ್ರದ ಉಬ್ಬರ) ಬಂದಾಗ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಅಲ್ಲಿ ಬೇರೆ ಯಾವ ಭತ್ತ ಹಾಕಿದರೂ ಎಲೆ ಸುಟ್ಟ ಹಾಗಾಗಿ ಸಾಯುತ್ತದೆ. ಕಗ್ಗ ಬದುಕುತ್ತದೆ. ಮಳೆಗಾಲ ಹಿಡಿದು ಮಣ್ಣಿನ ಉಪ್ಪು ತೊಳೆದು ಹೋಗುವುದನ್ನೇ ಕಾದು, ಮೊಳಕೆ ಬರಿಸಿದ ಬೀಜ ಬೀರುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೆರೆ ಬಂದು ನಾಲ್ಕಾರು ದಿನ ತಲೆ ಮುಳುಗಿದರೂ ನೀರು ಇಳಿದ ಮೇಲೆ ಮತ್ತೆ ಏಳುತ್ತದೆ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ದಂಟನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆರೆದರೆ ಅದೇ ಗದ್ದೆಯಲ್ಲಿ ಮೀನು, ಶೆಟ್ಲಿ (ಸೀಗಡಿ). ಕೊಳೆತ ದಂಟೇ ಅವುಗಳ ಮೇವು.

ಹೋದ ಸಲ ಊರಿಗೆ ಹೋದಾಗ ಸೋದರಮಾವ ಬೀಜ ಕಟ್ಟಿಟ್ಟ ಹುಲ್ಲಿನ ಮುಡಿ ಬಿಚ್ಚಿ ಒಂದು ಹಿಡಿ ಕಗ್ಗವನ್ನು ನನ್ನ ಅಂಗೈಗೆ ಹಾಕಿದರು. ಒಣಹುಲ್ಲಿನ ವಾಸನೆ, ಅದರ ಜೊತೆಗೆ ಸಣ್ಣದಾಗಿ ಕೆಸರಿನ ವಾಸನೆ. ಕಾಳುಗಳು ಒಂದರ ಹಾಗೆ ಒಂದಿಲ್ಲ. ಕೆಲವು ಗಿಡ್ಡ, ಕೆಲವು ತುಸು ಉದ್ದ, ಸಿಪ್ಪೆಯ ಬಣ್ಣದಲ್ಲೂ ಹೆಚ್ಚುಕಡಿಮೆ. ಒಂದನ್ನು ಉಗುರಿನಿಂದ ಬಿಡಿಸಿದೆ, ಒಳಗೆ ಕೆಂಪು, ದಪ್ಪ ಕಾಳು. "ಪೇಟೆಯವ್ರು ಇದನ್ನ ಉಣ್ತ್ರಾ ತಂಗಿ?" ಅಂತ ಮಾವ ಕೇಳಿದರು. ಗಂಜಿಗೆ ಇದರಷ್ಟು ಒಳ್ಳೆಯ ಅಕ್ಕಿ ಇಲ್ಲ ಅಂತ ನನಗೆ ಗೊತ್ತು. ಪೇಟೆಯವರು ಉಣ್ಣುತ್ತಾರೆ ಅಂತ ಹೇಳಲು ನಾಲಿಗೆ ಏಳಲಿಲ್ಲ.

ಒಡಿಶಾದ ಕತೆ ಕೇಳಿ. ನೆರೆ ನುಗ್ಗುವ ಸೀಮೆಯ ರೈತರು ಬೆಳೆಯುತ್ತಿದ್ದ ಸ್ಥಳೀಯ ಭತ್ತದಿಂದ ಆರಿಸಿ ತೆಗೆದ ಒಂದು ತಳಿ, ಹೆಸರು ಎಫ್‌ಆರ್ 13ಎ. ಎತ್ತರದ ಗಿಡ, ಇಳುವರಿ ಕಡಿಮೆ, ಅಕ್ಕಿಯ ಗುಣವೂ ಅಷ್ಟಕ್ಕಷ್ಟೆ. ಆದರೆ ಪೂರ್ತಿ ನೀರಿನಡಿ ಎರಡು ವಾರದ ಹತ್ತಿರ ಇದ್ದರೂ ಸಾಯುವುದಿಲ್ಲ. ಇದು ಹೇಗೆ ಸಾಧ್ಯ ಅಂತ ವಿಜ್ಞಾನಿಗಳು ದಶಕಗಟ್ಟಲೆ ಬೆನ್ನು ಹತ್ತಿದರು. 2006ರಲ್ಲಿ ಸಬ್1ಎ ಎಂಬ ವಂಶವಾಹಿ ಪತ್ತೆಯಾಯಿತು.

ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮಾಮೂಲಿ ಭತ್ತ ಮುಳುಗಿದರೆ ಗಾಬರಿಬಿದ್ದ ಹಾಗೆ ಉದ್ದ ಬೆಳೆದು ತಲೆ ಹೊರಗೆ ಹಾಕಲು ಒದ್ದಾಡುತ್ತದೆ, ಕೂಡಿಟ್ಟ ಶಕ್ತಿಯೆಲ್ಲ ಅದರಲ್ಲೇ ಖರ್ಚಾಗಿ, ನೀರು ಇಳಿಯುವ ಹೊತ್ತಿಗೆ ಕುಸಿದು ಬೀಳುತ್ತದೆ. ಸಬ್1ಎ ಇರುವ ಗಿಡ ಬೆಳವಣಿಗೆ ನಿಲ್ಲಿಸಿ, ಉಸಿರು ಹಿಡಿದು ಕೂರುತ್ತದೆ. ನೀರು ಇಳಿದ ಮೇಲೆ ಉಳಿಸಿಕೊಂಡ ಶಕ್ತಿಯಿಂದ ಹೊಸ ಎಲೆ ಬಿಡುತ್ತದೆ. ಆಳನೀರಿನ ಭತ್ತಗಳದ್ದು ಇದಕ್ಕೆ ಪೂರಾ ಉಲ್ಟಾ ದಾರಿ, ನೀರು ಏರಿದಂತೆ ಅವೂ ಏರುತ್ತಾ ಹೋಗುತ್ತವೆ. ಥಟ್ಟನೆ ಬಂದು ವಾರದಲ್ಲಿ ಇಳಿಯುವ ನೆರೆಗೆ ಒಂದು ಉಪಾಯ, ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಇನ್ನೊಂದು. ಎರಡೂ ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ಆಂಧ್ರದ ಮಾರುಟೇರು ಸಂಶೋಧನಾ ಕೇಂದ್ರದಿಂದ ಬಂದ ಸ್ವರ್ಣ ತಳಿಗೆ (ನಮ್ಮ ರೈತರ ಬಾಯಲ್ಲಿರುವ 'ಎಂಟಿಯು' ಅಂದರೆ ಇದೇ ಮಾರುಟೇರು) ಸಬ್1ಎ ಗುಣ ಸೇರಿಸಿ 2009ರಲ್ಲಿ ಸ್ವರ್ಣ ಸಬ್-1 ಬಿಡುಗಡೆ ಮಾಡಿದರು. ಇವತ್ತು ನೆರೆಗೆ ತಡೆಯುವ ಭತ್ತ ಅಂತ ದೇಶದಲ್ಲಿ ಹಂಚುತ್ತಿರುವ ತಳಿಗಳ ಬೆನ್ನ ಹಿಂದೆ ಇರುವುದು ಆ ಒರಟು ಭತ್ತ. ಅಕ್ಕಿ ಚೆಂದ ಇಲ್ಲ ಅಂತ ಒಡಿಶಾದ ರೈತರು ಎರಡು ತಲೆಮಾರು ಮೊದಲೇ ಅದನ್ನು ಬಿಟ್ಟಿದ್ದರೆ?

ಇನ್ನೊಂದು ಇದಕ್ಕಿಂತ ವಿಚಿತ್ರ. ಕಂದು ಜಿಗಿಹುಳು ಹರಡುವ ಒಂದು ವೈರಸ್ ರೋಗ ಬಂದರೆ ಭತ್ತ ಗಿಡ್ಡಾಗಿ, ಹುಲ್ಲಿನ ಬುಡದ ಹಾಗೆ ಕವಲೊಡೆದು ನಿಲ್ಲುತ್ತದೆ, ತೆನೆ ಸರಿಯಾಗಿ ಬರುವುದೇ ಇಲ್ಲ. 1970ರ ದಶಕದಲ್ಲಿ ಆಗ್ನೇಯ ಏಷ್ಯಾದ ಗದ್ದೆಗಳನ್ನು ಇದು ಕಾಡಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಡೆ ಗುಣಕ್ಕಾಗಿ 6 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿದ್ದರು. ಸಿಕ್ಕಿದ್ದು ಒಂದೇ ಒಂದು. 1963ರಲ್ಲಿ ಉತ್ತರ ಪ್ರದೇಶದಲ್ಲಿ ಸಂಗ್ರಹಿಸಿದ್ದ ಕಾಡುಭತ್ತ, ನಮ್ಮ ಹಿಂದಿನವರು ಋಷಿಗಳ ಆಹಾರ ಅನ್ನುತ್ತಿದ್ದ ನೀವಾರ. ಹಣ್ಣಾದ ಕೂಡಲೇ ಕಾಳು ಉದುರಿಸಿಬಿಡುವ ಕಳೆ ಅದು, ಕೃಷಿ ಮಾಡುವವರು ಕಂಡರೆ ಕಿತ್ತು ಬಿಸಾಡುವಂಥದ್ದು. ಅದರ ಗುಣ ಸೇರಿಸಿ ಗುರುದೇವ್ ಖುಷ್ ಅವರ ತಂಡ ರೂಪಿಸಿದ ಐಆರ್ 36 ತಳಿ 1976ರಲ್ಲಿ ಹೊರಬಂತು. 80ರ ದಶಕದಲ್ಲಿ ಅದು ಜಗತ್ತಿನ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ಭೂಮಿಯಲ್ಲಿ ಬೆಳೆಯುತ್ತಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಕಾಮೆಂಟಿನಲ್ಲಿ ಜಗಳ ಶುರುವಾಗುತ್ತದೆ. ನಾನು ಹೊಸ ತಳಿಗಳ ವಿರೋಧಿಯಲ್ಲ. ನಮ್ಮ ಮೇಲುಗದ್ದೆಗೆ ಜಯಾ ತಳಿ ಬಂದ ವರ್ಷ ಮನೆಯಲ್ಲಿ ಎಲ್ಲರೂ ಎರಡು ಹೊತ್ತು ಅನ್ನ ಉಂಡದ್ದನ್ನು ಅಜ್ಜಿ ಸಾಯುವ ತನಕ ನೆನೆಸುತ್ತಿದ್ದಳು. ಆ ಅನ್ನವನ್ನು ಹಗುರ ಮಾಡುವಷ್ಟು ಸೊಕ್ಕು ನನಗಿಲ್ಲ. ನನ್ನ ಚಿಂತೆ ಅವುಗಳ ಬೇರು ಎಷ್ಟು ಕಿರಿದು ಅನ್ನುವುದು. 1966ರ ಐಆರ್ 8, 1968ರ ಜಯಾ, ಆಮೇಲಿನ ಐಆರ್ 64, ಗಂಗಾವತಿ ಸಿಂಧನೂರಿನ ಕಾಲುವೆ ಬಯಲನ್ನು ತುಂಬಿದ ಬಿಪಿಟಿ 5204, ಇವೆಲ್ಲ ಗಿಡ್ಡಗಿರುವುದು ಒಂದೇ ವಂಶವಾಹಿಯಿಂದ, ಅದು ಬಂದದ್ದು ತೈವಾನಿನ ಡೀ ಜಿಯೋ ವೂ ಜೆನ್ ಎಂಬ ಒಂದು ಹಳೆಯ ಭತ್ತದಿಂದ. ಹೈಬ್ರಿಡ್ ಭತ್ತದ್ದು ಇನ್ನೂ ಇಕ್ಕಟ್ಟು. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಸಿಕ್ಕ ಒಂದು ಗಂಡುಬಂಜೆ (ಫಲ ಕೊಡುವ ಪರಾಗ ಇಲ್ಲದ) ಕಾಡುಭತ್ತದ ಗಿಡದ ತಾಯಿಬಳಿಯೇ, ಅಂದರೆ ತಾಯಿಯ ಕಡೆಯಿಂದ ಬರುವ ವಂಶವೇ, ನಮ್ಮ ದೇಶದ ಬಹುಪಾಲು ಹೈಬ್ರಿಡ್‌ಗಳಲ್ಲಿ ಹರಿಯುತ್ತಿದೆ. 1996ರಲ್ಲಿ ಮಂಡ್ಯದಿಂದ ಬಂದ ನಮ್ಮ ಕೆಆರ್‌ಎಚ್-2 ಕೂಡ ಅದೇ ಬಳಿಯದು. ಅಮೆರಿಕದ ಮೆಕ್ಕೆಜೋಳಕ್ಕೆ ಇಂಥದ್ದೇ ಒಂದೇ ತಾಯಿಬಳಿಯ ಕಾರಣಕ್ಕೆ 1970ರಲ್ಲಿ ಅಂಗಮಾರಿ ಬಡಿದು ಬೆಳೆಯ ಶೇ 15ರಷ್ಟು ನಾಶವಾಗಿತ್ತು. ಭತ್ತಕ್ಕೆ ಹಾಗೇ ಆಗುತ್ತದೆ ಅಂತ ಶಕುನ ನುಡಿಯುತ್ತಿಲ್ಲ. ಆದರೆ ಆದ ದಿನ ಹುಡುಕಲು ಹೋಗಬೇಕಾದ ಜಾಗ ಕಗ್ಗ, ನೆರೆಗುಳಿಗಳ ಗದ್ದೆ.

"ಜೀನ್ ಬ್ಯಾಂಕ್ ಇದೆಯಲ್ಲ" ಅನ್ನುತ್ತಾರೆ. ಬೀಜಗಳನ್ನು ಶೈತ್ಯದಲ್ಲಿ ಕಾಪಿಡುವ ಉಗ್ರಾಣ ಇದೆ, ಬೇಕೇ ಬೇಕು. ಆ ನೀವಾರ ನಮಗೆ ಸಿಕ್ಕಿದ್ದೂ ಸಂಗ್ರಹದಿಂದಲೇ. ಫಿಲಿಪ್ಪೀನ್ಸ್‌ನ ಆ ಸಂಸ್ಥೆಯಲ್ಲಿ 1 ಲಕ್ಷ 30 ಸಾವಿರದಷ್ಟು ಭತ್ತದ ಮಾದರಿಗಳಿವೆ, 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಹಿಮದ ನಡುವಿನ ಬೀಜದ ಉಗ್ರಾಣ ತೆರೆದಾಗ 70 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಅಲ್ಲಿಗೂ ಕಳಿಸಿದರು. ಇಂಥ ಎರಡನೇ ಜಾಗ ಯಾಕೆ ಬೇಕು ಅನ್ನುವುದಕ್ಕೆ ಫಿಲಿಪ್ಪೀನ್ಸ್ ದೇಶದ ರಾಷ್ಟ್ರೀಯ ಜೀನ್ ಬ್ಯಾಂಕ್ ಸಾಕ್ಷಿ, 2006ರಲ್ಲಿ ಚಂಡಮಾರುತದ ನೆರೆ ನುಗ್ಗಿತು, 2012ರಲ್ಲಿ ಬೆಂಕಿ ಬಿತ್ತು. ಆದರೆ ಶೈತ್ಯದಲ್ಲಿಟ್ಟ ಬೀಜ ನಿದ್ದೆ ಮಾಡುತ್ತದೆ. ಸಮುದ್ರದ ನೀರು ಏರಿದರೆ, ಮಳೆ ಜೂನ್ ಬಿಟ್ಟು ಜುಲೈಗೆ ಬಂದರೆ, ಆ ಬೀಜಕ್ಕೆ ಅದೇನೂ ಗೊತ್ತಾಗುವುದಿಲ್ಲ. ಗಜನಿಯಲ್ಲಿರುವ ಕಗ್ಗಕ್ಕೆ ಪ್ರತಿ ವರ್ಷವೂ ಪರೀಕ್ಷೆ. ಉಪ್ಪು ಹೆಚ್ಚಾದ ವರ್ಷ ತಡೆದು ನಿಂತ ಗಿಡದ ಕಾಳೇ ಮುಂದಿನ ವರ್ಷದ ಬೀಜ.

ಇನ್ನೊಂದು ದಾರಿ ನಮ್ಮ ತಳಿ ರಕ್ಷಕರದು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು ಸಣ್ಣ ಹಿಡುವಳಿಯಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದವರು, 2024ರಲ್ಲಿ ಪದ್ಮಶ್ರೀ ಬಂತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಗದ್ದೆಯೇ ಒಂದು ಭತ್ತದ ವಸ್ತುಸಂಗ್ರಹಾಲಯ. ಇಂಥವರಿಗೆ ನಾವು ಎಷ್ಟು ಕೈ ಮುಗಿದರೂ ಸಾಲದು. ಆದರೆ ಇಡೀ ಹೊರೆಯನ್ನು ನಾಲ್ಕೈದು ಮಂದಿಯ ತಲೆಗೆ ಹೊರಿಸಿ ನಾವು ಹಾಯಾಗಿರುವುದು ಸರಿಯಲ್ಲ. ಅದರಲ್ಲೊಂದು ವಿಜ್ಞಾನದ ತೊಡಕೂ ಇದೆ. ನಾಟಿ ತಳಿ ಅಂದರೆ ಒಂದೇ ಅಚ್ಚಿನಲ್ಲಿ ಒತ್ತಿದ ಗಿಡಗಳಲ್ಲ, ಅದೊಂದು ಒಟ್ಟು ಕುಟುಂಬ. ಮಾವನ ಬೀಜದ ಮುಡಿಯಲ್ಲಿ ಕಾಳುಗಳು ಹೆಚ್ಚುಕಡಿಮೆ ಇದ್ದವಲ್ಲ, ಆ ಹೆಚ್ಚುಕಡಿಮೆಯೇ ಆಸ್ತಿ. ಕುಂಡದಲ್ಲಿ ಹತ್ತು, ಸಣ್ಣ ಮಡಿಯಲ್ಲಿ ಐವತ್ತು ಗಿಡ ಬೆಳೆದು ವರ್ಷ ವರ್ಷ ಬೀಜ ಎತ್ತಿಟ್ಟರೆ ಹೆಸರು ಉಳಿಯುತ್ತದೆ, ಒಳಗಿನ ವೈವಿಧ್ಯ ಗೊತ್ತೇ ಆಗದ ಹಾಗೆ ಸೋರಿಹೋಗುತ್ತದೆ. ಅದಕ್ಕೆ ಎಕರೆಗಟ್ಟಲೆ ಬೆಳೆ ಬೇಕು, ಅದೂ ಅದರ ಮಣ್ಣಿನಲ್ಲಿ.

ಕಗ್ಗದ ವಿಷಯದಲ್ಲಿ ಒಂದೆರಡು ಎಕರೆಯೂ ಸಾಲದು. ಗಜನಿಯ ಕೃಷಿ ಒಬ್ಬರಿಂದ ಆಗುವುದಿಲ್ಲ. ಉಪ್ಪುನೀರು ತಡೆಯುವ ಒಡ್ಡು ಎಲ್ಲರದ್ದು, ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಸುತ್ತ ಖಾಲಿ ಬಿದ್ದು ಒಬ್ಬನೇ ಬೆಳೆದರೆ ಹಕ್ಕಿಗಳು ಅವನೊಬ್ಬನ ಗದ್ದೆಗೇ ಇಳಿಯುತ್ತವೆ. ಶೆಟ್ಲಿಯಲ್ಲಿ ದುಡ್ಡು ಕಂಡ ಮೇಲೆ ಒಳಗೆ ವರ್ಷವಿಡೀ ಉಪ್ಪುನೀರು ಇರಲಿ ಅನ್ನುವವರು ಹೆಚ್ಚಾದರು, ಹುಡುಗರು ಗೋವಾ, ಬೆಂಗಳೂರು ಅಂತ ಹೋದರು. ಕಗ್ಗ ಹಿಂದೆ ಸರಿದದ್ದು ಹೀಗೆ. ಬೀಜ ಕಳೆದುಹೋಗಿ ಅಲ್ಲ, ಒಡ್ಡಿನ ಮೇಲೆ ಒಟ್ಟಿಗೆ ನಿಲ್ಲುವ ಜನ ಕಡಿಮೆಯಾಗಿ. ಇದೇ ಮಾದರಿಯ ಕೃಷಿ ಕೇರಳದಲ್ಲೂ ಇದೆ, ಪೊಕ್ಕಾಳಿ. ಉಪ್ಪು ತಡೆಯುವ ಗುಣಕ್ಕಾಗಿ ಜಗತ್ತಿನ ತಳಿ ವಿಜ್ಞಾನಿಗಳು ಮೊದಲು ಹುಡುಕಿಕೊಂಡು ಹೋಗುವ ಭತ್ತ ಅದು. ಕಗ್ಗ ಅದರ ಕರ್ನಾಟಕದ ಓರಗೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿ ನೋಂದಾಯಿಸುವ ಹಕ್ಕು ಕೊಟ್ಟಿದೆ, ತಳಿ ಉಳಿಸಿದವರಿಗೆ ಪ್ರಶಸ್ತಿಗಳಿವೆ. ಒಳ್ಳೆಯದೇ. ಪ್ರಶಸ್ತಿ ಒಬ್ಬರಿಗೆ ಒಮ್ಮೆ ಬರುತ್ತದೆ, ಒಡ್ಡಿಗೆ ಪ್ರತಿ ವರ್ಷ ಮಣ್ಣು ಬೇಕು. ನನ್ನ ಬೇಡಿಕೆ ಸಣ್ಣದು. ಸೇತುವೆ, ಕೆರೆಗಳ ಹಾಗೆ ಈ ಗದ್ದೆಗಳನ್ನೂ ಸಾರ್ವಜನಿಕ ಆಸ್ತಿ ಅಂತ ಲೆಕ್ಕ ಹಿಡಿಯಿರಿ. ಕಗ್ಗ, ನೆರೆಗುಳಿ, ಕರಿಜಡ್ಡುವಿನಂಥ ಭತ್ತವನ್ನು ಅದರದೇ ಜಾಗದಲ್ಲಿ ಬೆಳೆಯುವವರಿಗೆ ಎಕರೆಗೆ ಇಷ್ಟು ಅಂತ ವರ್ಷ ವರ್ಷ ಕೊಡಿ, ಇಳುವರಿ ಕೇಳಬೇಡಿ. ಒಡ್ಡಿನ ದುರಸ್ತಿ ಪಂಚಾಯಿತಿಯ ಕಾಯಂ ಕೆಲಸವಾಗಲಿ. ಬೆಳೆದ ಅಕ್ಕಿಯನ್ನು ಆ ಊರಿನ ಅಂಗನವಾಡಿಗೇ ಕೊಳ್ಳಲಿ. 2024ರಲ್ಲಿ ಅಘನಾಶಿನಿ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಹಕ್ಕಿಗಳ ಬಗ್ಗೆ, ಮೀನುಗಳ ಬಗ್ಗೆ ಎಲ್ಲರೂ ಬರೆದರು. ಆ ಅಳಿವೆಯ ಭತ್ತದ ಹೆಸರೂ ಆ ಮಾತಿನಲ್ಲಿ ಬರಲಿ.

ನಿನ್ನೆ ಮಾವ ಫೋನ್ ಮಾಡಿದ್ದರು. ಈ ಸಲ ಹನ್ನೊಂದು ಮನೆಯವರು ಒಡ್ಡು ಏರಿಸಲು ಒಪ್ಪಿದ್ದಾರಂತೆ. ಹೊಳೆಯ ಕಡೆಯ ಮೂಲೆಯಲ್ಲಿ ಎರಡು ಗದ್ದೆ ಬಾಕಿ, ಅವು ಸೇರದಿದ್ದರೆ ಅಲ್ಲಿಂದಲೇ ನೀರು ಬರುತ್ತದೆ. ಒಂದರ ಯಜಮಾನರು ಮುಂಬಯಿಯಲ್ಲಿ, ಅವರ ನಂಬರು ಹುಡುಕುತ್ತಿದ್ದಾರೆ. ಇನ್ನೊಂದು ಮಾವನ ಮಗನದ್ದೇ, ಅವನು ಗೋವಾದ ಹೋಟೆಲಿನಲ್ಲಿದ್ದಾನೆ. "ನಾ ಹೇಳಿದ್ರೆ ಸಿಟ್ಟು ಮಾಡ್ತ, ನೀ ಒಂದ್ಸಲ ಹೇಳ್ ತಂಗಿ" ಅಂದರು. ರಾತ್ರಿ ಹತ್ತೂವರೆಗೆ ಅವನ ಕೆಲಸ ಮುಗಿಯುತ್ತದೆ. ಆಮೇಲೆ ಮಾಡುತ್ತೇನೆ.